ಏರುವ ಮೊದಲು ತೂಕ, ಬಿದ್ದ ಮೇಲೆ ಲೆಕ್ಕ

ವಿಮಾನ ಅಪಘಾತದ ಕುರಿತು ಈ ಪತ್ರಿಕೆಯಲ್ಲಿ ಸಂಪಾದಕೀಯವೇ ಎಂದು ಓದುಗ ಬಂಧುಗಳು ಹುಬ್ಬೇರಿಸಬಹುದು. ಕಾಡು, ಹೊಳೆ, ಸೊಪ್ಪಿನ ಬೆಟ್ಟ, ಅಣೆಕಟ್ಟು, ಗಣಿ ಇವೇ ನಮ್ಮ ಪುಟಗಳ ನಿತ್ಯದ ವಿಷಯಗಳು. ವಿಮಾನ ಇಳಿಯುವಷ್ಟು ಬಯಲು ಕೂಡ ನಮ್ಮ ಗುಡ್ಡಗಳ ನಡುವೆ ಸಿಗುವುದು ಕಷ್ಟ. ಆದರೂ ಈ ಸಲ ದೂರದ ನ್ಯೂಜಿಲೆಂಡಿನ ಒಂದು ಪುಟ್ಟ ಕೃಷಿ ವಿಮಾನದ ಕಥೆಯಿಂದ ಮಾತು ಆರಂಭಿಸಬೇಕಾಗಿದೆ. ಆಕಾಶದಿಂದ ಔಷಧಿ ಸುರಿಯುವ ಯಂತ್ರ ಹೊಸ ರೂಪದಲ್ಲಿ ಮತ್ತೆ ನಮ್ಮ ತೋಟಗಳ ಮೇಲೆ ಬಂದಿದೆ. ಅದು ಹಿಂದೆ ಬಂದಾಗ ಏನಾಯಿತೆಂಬುದನ್ನು ಪಶ್ಚಿಮ ಘಟ್ಟದ ಜನ ಮರೆಯುವಂತಿಲ್ಲ. ಇಂಥ ಯಂತ್ರವನ್ನು ಮೇಲೇರಿಸುವ ಮೊದಲು ಯಾವ ಲೆಕ್ಕ ಹಾಕಬೇಕು, ಅನಾಹುತವಾದ ಮೇಲೆ ಯಾವುದನ್ನು ಕಾಪಾಡಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳಿಗೆ ಆ ಅಪಘಾತ ಕಲಿಸುವ ಪಾಠ ದೊಡ್ಡದು.

ಅಂದು 2010ರ ಸೆಪ್ಟೆಂಬರ್ 4, ಶನಿವಾರ. ನಸುಕಿನಲ್ಲಿ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಕ್ಯಾಂಟರ್‌ಬರಿ ಪ್ರದೇಶವನ್ನು 7.1 ತೀವ್ರತೆಯ ಭೂಕಂಪ ನಡುಗಿಸಿತ್ತು. ಇಡೀ ದೇಶದ ಗಮನ ಅತ್ತ ಇದ್ದಾಗಲೇ ಅದೇ ದ್ವೀಪದ ಪಶ್ಚಿಮ ಕರಾವಳಿಯ ಫಾಕ್ಸ್ ಗ್ಲೇಸಿಯರ್ ಎಂಬ ಊರಿನ ಚಿಕ್ಕ ವಿಮಾನಪಟ್ಟಿಯಿಂದ ಫ್ಲೆಚರ್ ಜಾತಿಯ ಒಂದು ವಿಮಾನ ಮೇಲೆದ್ದಿತು. ಅದರಲ್ಲಿದ್ದವರು ಒಂಬತ್ತು ಮಂದಿ: ಪೈಲಟ್, ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಸುವ ನಾಲ್ವರು ಪರಿಣತರು, ಜಿಗಿಯಲು ಬಂದ ನಾಲ್ವರು ವಿದೇಶಿ ಪ್ರವಾಸಿಗಳು. ನೆಲ ಬಿಡುತ್ತಲೇ ವಿಮಾನದ ಮೂಗು ಮೇಲೆ ಮೇಲೆ ಎತ್ತುತ್ತ ಹೋಯಿತು. ಬಳಿಕ ಎಡಕ್ಕೆ ಹೊರಳಿ, ಬಹುಮಟ್ಟಿಗೆ ನೆಟ್ಟಗೆ ನೆಲಕ್ಕೆ ಬಡಿದು ಹೊತ್ತಿ ಉರಿಯಿತು. ಒಬ್ಬರೂ ಉಳಿಯಲಿಲ್ಲ.

ಜಿಗಿತದ ಮೋಜಿಗೆ ಬಳಕೆಯಾಗುತ್ತಿದ್ದ ಈ ವಿಮಾನ ಹುಟ್ಟಿದ್ದು ಹೊಲಗದ್ದೆಗಳ ಕೆಲಸಕ್ಕಾಗಿ. ಅಪಘಾತಕ್ಕೆ ಸುಮಾರು ಮೂರು ತಿಂಗಳ ಹಿಂದಷ್ಟೇ ಅದನ್ನು ಕೃಷಿ ವಿಮಾನದಿಂದ ಪ್ಯಾರಾಚೂಟ್ ವಿಮಾನವಾಗಿ ಮಾರ್ಪಡಿಸಲಾಗಿತ್ತು. ಏನಾಯಿತೆಂದು ತಿಳಿಯಬೇಕಾದರೆ ಮೊದಲು ಕೃಷಿ ವಿಮಾನವೆಂದರೇನು ಎಂಬುದನ್ನು ಅರಿಯಬೇಕು.

ಬೆಳೆಯ ಮೇಲೆ ವಿಮಾನದಿಂದ ವಿಷ ಎರಚುವ ಪ್ರಯೋಗಕ್ಕೆ ನೂರು ವರ್ಷ ದಾಟಿದೆ. 1921ರ ಆಗಸ್ಟ್ 3ರಂದು ಅಮೆರಿಕದ ಒಹಾಯೊ ರಾಜ್ಯದಲ್ಲಿ ಸೇನೆಯ ವಿಮಾನವೊಂದು ಕಟಾಲ್ಪಾ ಮರಗಳ ಹುಳು ಕೊಲ್ಲಲು ಸೀಸ ಮತ್ತು ಪಾಷಾಣ ಬೆರೆತ ಪುಡಿಯನ್ನು ಎರಚಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುದ್ಧದ ವಿಮಾನಗಳಿಗೂ ಪೈಲಟ್‌ಗಳಿಗೂ ಕೆಲಸ ಬೇಕಿತ್ತು. ನ್ಯೂಜಿಲೆಂಡಿನ ಕಡಿದಾದ ಗುಡ್ಡಗಳಲ್ಲಿ ಹುಲ್ಲುಗಾವಲಿಗೆ ಗೊಬ್ಬರ ಹೊರುವುದು ಜನರಿಗೂ ಬಂಡಿಗೂ ಅಸಾಧ್ಯವಾಗಿತ್ತು. 1949ರಿಂದ ಅಲ್ಲಿ ಸಣ್ಣ ವಿಮಾನಗಳು ಸೂಪರ್ ಫಾಸ್ಫೇಟ್ ಹೊತ್ತು ಗುಡ್ಡಗಳ ಮೇಲೆ ಸುರಿಯುವುದು ಒಂದು ಉದ್ಯಮವೇ ಆಯಿತು. ಆ ಕೆಲಸಕ್ಕೆಂದೇ ರೂಪುಗೊಂಡು 1954ರಲ್ಲಿ ಮೊದಲು ಹಾರಿದ್ದು ಫ್ಲೆಚರ್. ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕೂಡ ಇದೇ ಬಗೆಯ ಕೆಲಸಕ್ಕೆ ‘ಬಸಂತ್’ ಎಂಬ ವಿಮಾನವನ್ನು ತಯಾರಿಸಿತ್ತು. ಅದು ಮೊದಲು ಹಾರಿದ್ದು 1972ರಲ್ಲಿ.

ಕೃಷಿ ವಿಮಾನದ ಬದುಕು ಪ್ರಯಾಣಿಕ ವಿಮಾನದ ಬದುಕಿನಂತಲ್ಲ. ಪ್ರಯಾಣಿಕ ವಿಮಾನ ಒಮ್ಮೆ ಮೇಲೇರಿದರೆ ಗಂಟೆಗಟ್ಟಲೆ ಹಾರುತ್ತದೆ. ಕೃಷಿ ವಿಮಾನ ಒಂದೇ ದಿನದಲ್ಲಿ ಹತ್ತಾರು ಸಲ ಏರಿ ಇಳಿಯುತ್ತದೆ. ಗುಡ್ಡದ ನೆತ್ತಿಯ ಹುಲ್ಲಿನ ಪಟ್ಟಿಯ ಮೇಲೆ ಏರಿನ ಕಡೆಗೆ ಇಳಿಯುತ್ತದೆ. ಲಾರಿ ಬಂದು ಅದರ ಹೊಟ್ಟೆಯ ತೊಟ್ಟಿಗೆ ಗೊಬ್ಬರ ತುಂಬುತ್ತದೆ, ಮರುಕ್ಷಣ ಅದು ಇಳಿಜಾರಿನ ಕಡೆಗೆ ಓಡಿ ಮೇಲೇಳುತ್ತದೆ. ಪ್ರತಿ ಸಲವೂ ನೆಲ ಬಿಡುವ ಹೊತ್ತಿನಲ್ಲೇ ಅದರ ಭಾರ ಅತಿ ಹೆಚ್ಚು, ವೇಗ ಅತಿ ಕಡಿಮೆ. ಬಿಸಿಲೇರಿದರೆ ಗಾಳಿ ತೆಳುವಾಗುತ್ತದೆ, ಎತ್ತರದ ಜಾಗದಲ್ಲಿ ಇನ್ನಷ್ಟು ತೆಳು. ತೆಳುಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕುಗ್ಗುತ್ತದೆ. ಮುಂಜಾನೆ ಸಲೀಸಾಗಿ ಎತ್ತಿದ ಹೊರೆಯನ್ನು ನಡುಹಗಲಿನಲ್ಲಿ ಅದೇ ಯಂತ್ರ ಎತ್ತಲಾರದೆ ಹೋಗಬಹುದು.

ಈ ಅಪಾಯಕ್ಕೆ ವಿಮಾನ ಕಟ್ಟಿದವರು ಒಂದು ಉಪಾಯ ಮಾಡಿದ್ದಾರೆ. ಪೈಲಟ್‌ನ ಕೈಗೆ ಸಿಗುವಂತೆ ಒಂದು ಹಿಡಿಕೆ ಇರುತ್ತದೆ. ವಿಮಾನ ಏರುತ್ತಿಲ್ಲವೆಂದು ಅನ್ನಿಸಿದೊಡನೆ ಅದನ್ನು ಎಳೆದರೆ ತೊಟ್ಟಿಯ ಬಾಗಿಲು ತೆರೆದು ಹೊರೆಯೆಲ್ಲ ನೆಲಕ್ಕೆ ಸುರಿದುಹೋಗುತ್ತದೆ. ತುಂಬಿದ ತೊಟ್ಟಿಯ ಶೇಕಡಾ 80ರಷ್ಟನ್ನಾದರೂ ಐದು ಸೆಕೆಂಡಿನೊಳಗೆ ಸುರಿಯಲು ಸಾಧ್ಯವಿರಬೇಕೆಂದು ನ್ಯೂಜಿಲೆಂಡಿನ ನಿಯಮ ಹೇಳುತ್ತದೆ. ಜನವಸತಿಯ ಮೇಲೆ ಹಾರುವ ಕೃಷಿ ವಿಮಾನ ತನ್ನ ಹೊರೆಯ ಅರ್ಧವನ್ನಾದರೂ 45 ಸೆಕೆಂಡಿನಲ್ಲಿ ಕಳಚುವಂತಿರಬೇಕೆಂಬುದು ಅಮೆರಿಕದ ನಿಯಮ. ಹೀಗೆ ಕಳಚುವ ಅನುಕೂಲ ಇರುವುದರಿಂದಲೇ ಕೃಷಿ ಕೆಲಸದಲ್ಲಿ ಫ್ಲೆಚರ್‌ಗೆ ಮಾಮೂಲಿಗಿಂತ ಹೆಚ್ಚು ಭಾರ ಹೊರಲು ಅನುಮತಿ ಇತ್ತು.

ಫಾಕ್ಸ್ ಗ್ಲೇಸಿಯರ್‌ನಲ್ಲಿ ಆ ತೊಟ್ಟಿಯ ಜಾಗದಲ್ಲಿ ಮನುಷ್ಯರು ಕುಳಿತಿದ್ದರು. ಗೊಬ್ಬರವನ್ನು ಸುರಿದುಬಿಡಬಹುದು, ಮನುಷ್ಯರನ್ನು ಸುರಿಯುವಂತಿಲ್ಲ. ನ್ಯೂಜಿಲೆಂಡಿನ ಸಾರಿಗೆ ಅಪಘಾತ ತನಿಖಾ ಆಯೋಗ 2012ರಲ್ಲಿ ನೀಡಿದ ವರದಿಯ ಪ್ರಕಾರ ಅಂದಿನ ಭಾರ ಅನುಮತಿಗಿಂತ 17 ಕಿಲೋ ಮಾತ್ರ ಹೆಚ್ಚಿತ್ತು. ಅದೇ ವಿಮಾನ ಹಿಂದೆ ಕೃಷಿ ಕೆಲಸದಲ್ಲಿ ಹೊರಬಹುದಾಗಿದ್ದ ಗರಿಷ್ಠ ಭಾರಕ್ಕಿಂತ ಅದು 242 ಕಿಲೋ ಕಡಿಮೆಯೇ. ಹಾಗಾದರೆ ದೋಷವೆಲ್ಲಿ? ಭಾರ ಎಷ್ಟಿತ್ತು ಎಂಬುದಕ್ಕಿಂತ ಭಾರ ಎಲ್ಲಿತ್ತು ಎಂಬುದರಲ್ಲಿ. ಕಾವಡಿ ಹೊತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಕಡೆಯ ತೂಕ ಸಮವಾಗಿದ್ದರೆ ಮೂವತ್ತು ಸೇರನ್ನೂ ಹೊರಬಹುದು, ಒಂದು ಕಡೆ ವಾಲಿದರೆ ಹತ್ತು ಸೇರೂ ಬೀಳಿಸುತ್ತದೆ. ಆ ವಿಮಾನದಲ್ಲಿ ಜಿಗಿಯುವವರೆಲ್ಲ ಹಿಂಭಾಗದಲ್ಲಿ ಕುಳಿತಿದ್ದರಿಂದ ಅದರ ಗುರುತ್ವ ಕೇಂದ್ರ ಸುರಕ್ಷಿತ ಮಿತಿಗಿಂತ ಹಿಂದಕ್ಕೆ ಸರಿದಿತ್ತು.

ವರದಿಯಲ್ಲಿ ನಮ್ಮನ್ನು ಹೆಚ್ಚು ಕಾಡಿದ ಸಂಗತಿ ಮತ್ತೊಂದು. ಹೊಸ ರೂಪದಲ್ಲಿ ವಿಮಾನ ಸೇವೆಗೆ ಇಳಿಯುವ ಮೊದಲು ಯಾರೂ ಅದರ ತೂಕ ಮತ್ತು ಸಮತೋಲದ ಲೆಕ್ಕವನ್ನೇ ಹಾಕಿರಲಿಲ್ಲ. ಅಪಘಾತದ ದಿನದವರೆಗೂ ಹಾಕಲಿಲ್ಲ. ಎಂಟು ಮಂದಿ ಜಿಗಿಯುವವರನ್ನು ಹೊತ್ತಾಗಲೆಲ್ಲ ಅದು ಮಿತಿಯ ಹೊರಗೇ ಹಾರುತ್ತಿತ್ತು. ಮಾರ್ಪಾಡಿನ ಕಾಗದಪತ್ರಗಳಲ್ಲಿದ್ದ ಲೋಪಗಳು ಅನುಮತಿ ನೀಡಿದ ಸರ್ಕಾರಿ ಪ್ರಾಧಿಕಾರದ ಕಣ್ಣಿಗೂ ಬೀಳಲಿಲ್ಲ. ನಿನ್ನೆ ಹಾರಿತ್ತು, ಏನೂ ಆಗಲಿಲ್ಲ. ಇಂದೂ ಹಾರುತ್ತದೆ ಎಂಬ ನಂಬಿಕೆಯೇ ತಕ್ಕಡಿಯ ಜಾಗದಲ್ಲಿ ಕುಳಿತಿತ್ತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಅಪಘಾತವಾದ ಕೆಲವೇ ದಿನಗಳಲ್ಲಿ ವಿಮಾನದ ಅವಶೇಷಗಳನ್ನು ನೆಲದಲ್ಲಿ ಹೂಳಲಾಯಿತು. ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ಕೇಳಿದ ಪ್ರಶ್ನೆ ಸರಳವಾಗಿತ್ತು: ಸಾಕ್ಷಿಯನ್ನೇ ಮಣ್ಣಿಗೆ ಹಾಕಿದ ಮೇಲೆ ಸತ್ಯವನ್ನು ಎಲ್ಲಿ ಹುಡುಕುತ್ತೀರಿ? ಟೀಕೆ ನಿಲ್ಲಲಿಲ್ಲ. ಆಯೋಗ ತನ್ನ ತನಿಖೆಯನ್ನು ಮತ್ತೆ ತೆರೆಯಬೇಕಾಯಿತು. 2015ರಲ್ಲಿ ಅದು ತನ್ನ ಹಿಂದಿನ ನಿರ್ಣಯವನ್ನು ಸಡಿಲಿಸಿತು. ಭಾರ ಹಿಂದಕ್ಕೆ ವಾಲಿದ್ದು ನಿಜ, ಆದರೆ ಅದೊಂದೇ ಅಪಘಾತಕ್ಕೆ ಕಾರಣವಾಗಿರಲಾರದು, ನಿಖರವಾದ ಕಾರಣವನ್ನು ಹೇಳಲಾಗದು ಎಂಬುದು ಅದರ ಎರಡನೆಯ ಮಾತಿನ ಸಾರ. ಒಂಬತ್ತು ಜೀವಗಳು ಹೋದವು. ಏಕೆ ಹೋದವೆಂಬುದಕ್ಕೆ ಇಂದಿಗೂ ಖಚಿತ ಉತ್ತರವಿಲ್ಲ. ಮೇಲೇರುವ ಮೊದಲು ತೂಗಲಿಲ್ಲ, ಬಿದ್ದ ಮೇಲೆ ಕಾಪಾಡಲಿಲ್ಲ. ಈ ಎರಡು ತಪ್ಪುಗಳ ನಡುವೆ ಸತ್ಯ ಜಾರಿಹೋಯಿತು.

ಬಂಧುಗಳೇ, ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಗಮನಿಸಬೇಕು. ಹೊರೆ ಕಳಚುವ ಹಿಡಿಕೆಯ ಬಗೆಗಿನ ನಿಯಮಗಳಲ್ಲಿ ಸೆಕೆಂಡುಗಳ ಲೆಕ್ಕವಿದೆ, ಶೇಕಡಾವಾರು ಲೆಕ್ಕವಿದೆ. ಪೈಲಟ್‌ನ ಪ್ರಾಣ ಉಳಿಯಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುರಿದ ಹೊರೆ ಎಲ್ಲಿ ಬಿತ್ತು? ಅದರ ಕೆಳಗೆ ಹೊಳೆ ಇತ್ತೇ, ಬಾವಿ ಇತ್ತೇ, ಮೇಯುವ ದನ ಇತ್ತೇ? ವಿಮಾನ ಬಿದ್ದರೆ ಸುದ್ದಿಯಾಗುತ್ತದೆ, ತನಿಖೆಯಾಗುತ್ತದೆ. ಹೊರೆ ಬಿದ್ದರೆ? ವಿಮಾನ ಬೀಳದೆ ಪ್ರತಿದಿನ ಕ್ಷೇಮವಾಗಿ ಹಾರಿ, ಹೊರೆಯನ್ನು ಮಾತ್ರ ಕ್ರಮಬದ್ಧವಾಗಿ ಬೀಳಿಸುತ್ತಿದ್ದರೆ?

ನ್ಯೂಜಿಲೆಂಡಿನ ಗುಡ್ಡಗಳಲ್ಲೇ ಇದಕ್ಕೆ ಒಂದು ಉತ್ತರವಿದೆ. ಅಲ್ಲಿ ದಶಕಗಳ ಕಾಲ ಸುರಿದ ಫಾಸ್ಫೇಟಿನ ಬಹುಭಾಗ ಬಂದದ್ದು ಶಾಂತ ಸಾಗರದ ನೌರು ಎಂಬ ಪುಟ್ಟ ದ್ವೀಪದಿಂದ. ಆ ದ್ವೀಪದ ಸುಮಾರು ಐದರಲ್ಲಿ ನಾಲ್ಕು ಭಾಗ ಗಣಿಯಾಗಿ ಬರಿದಾಯಿತು. ಅಲ್ಲಿಯ ಕಲ್ಲಿನಲ್ಲಿ ಕ್ಯಾಡ್ಮಿಯಂ ಎಂಬ ವಿಷಲೋಹ ಹೆಚ್ಚು. ಅದು ಗೊಬ್ಬರದ ಜೊತೆ ಹುಲ್ಲುಗಾವಲಿಗೆ ಇಳಿಯಿತು. ಹುಲ್ಲಿನಿಂದ ಕುರಿ-ದನಗಳ ಮೂತ್ರಪಿಂಡ ಸೇರಿತು. ವಯಸ್ಸಾದ ಪ್ರಾಣಿಗಳ ಮೂತ್ರಪಿಂಡವನ್ನು ಜನರ ಆಹಾರಕ್ಕೆ ಬಳಸಬಾರದೆಂದು ಅಲ್ಲಿ ಕಟ್ಟುಪಾಡು ಮಾಡಬೇಕಾಯಿತು. ಒಂದೂ ವಿಮಾನ ಬೀಳದಿದ್ದರೂ ಈ ಕ್ಯಾಡ್ಮಿಯಂ ಬೀಳುತ್ತಲೇ ಇತ್ತು. ಪೈಲಟ್ ತೊಟ್ಟಿಯ ತೂಕ ನೋಡಿದ, ತೊಟ್ಟಿಯೊಳಗೆ ಏನಿದೆಯೆಂದು ಬಹುಕಾಲ ಯಾರೂ ಕೇಳಲಿಲ್ಲ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಕಾಸರಗೋಡಿನ ಕನ್ನಡ-ತುಳು ಮಾತಾಡುವ ಗುಡ್ಡಗಳಲ್ಲಿ, ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ, ವಾಣಿನಗರದ ಸುತ್ತ, ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಟೀ-ಸೊಳ್ಳೆಯೆಂಬ ಕೀಟವನ್ನು ಕೊಲ್ಲುವುದು ಉದ್ದೇಶ. ನಮ್ಮ ಜಿಲ್ಲೆಗಳಲ್ಲೂ ಗೇರು ಅಭಿವೃದ್ಧಿ ನಿಗಮದ ತೋಟಗಳಿದ್ದ ಕೊಕ್ಕಡ, ಪಟ್ರಮೆ, ನಿಡ್ಲೆಯ ಕಡೆ ಅದೇ ವಿಷ ಅದೇ ರೀತಿ ಆಕಾಶದಿಂದ ಬಿತ್ತು. ಈ ಹೆಲಿಕಾಪ್ಟರುಗಳು ಬಿದ್ದ ಸುದ್ದಿ ಬರಲಿಲ್ಲ. ಹಾರಾಟದ ಮಟ್ಟಿಗೆ ನೋಡಿದರೆ ಅದೊಂದು ಯಶಸ್ವೀ ಕಾರ್ಯಾಚರಣೆ!

ಗಿಡಗಳ ತುದಿಗಿಂತ ಎರಡು ಮೂರು ಮೀಟರ್ ಮೇಲಷ್ಟೇ ಹಾರಿ ಸಿಂಪಡಿಸಬೇಕೆಂಬುದು ಪುಸ್ತಕದ ನಿಯಮ. ಒಂದು ಕಡೆ ಪದವು, ಮರುಕ್ಷಣ ಆಳದ ಕಣಿವೆ, ಅದರಾಚೆ ಇನ್ನೊಂದು ಗುಡ್ಡ, ಇಂಥ ನೆಲದಲ್ಲಿ ಅದು ಸಾಧ್ಯವೇ? ಬಾವಿ-ಕೆರೆಗಳನ್ನು ಮುಚ್ಚಿಕೊಳ್ಳಿರೆಂದು ಜನರಿಗೆ ಹೇಳಲಾಗುತ್ತಿತ್ತು. ಬಾವಿಯನ್ನೇನೋ ಸೋಗೆಯಿಂದ ಮುಚ್ಚಬಹುದು. ಸುರಂಗದ ನೀರನ್ನು, ಕೊಡೆಂಕಿರಿ ತೋಡನ್ನು, ಇಡೀ ಗುಡ್ಡವನ್ನು ಯಾವ ಸೋಗೆಯಿಂದ ಮುಚ್ಚುವುದು? 1979ರಲ್ಲೇ ಪತ್ರಕರ್ತ ಶ್ರೀಪಡ್ರೆಯವರು ಊರಿನ ಕರುಗಳು ವಿಕಲಾಂಗವಾಗಿ ಹುಟ್ಟುತ್ತಿರುವುದನ್ನು ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಅಸಹಜವಾದುದನ್ನು ಕಂಡು ಎಚ್ಚರಿಸಿದರು. ಕೃಷಿ ಇಲಾಖೆಯಲ್ಲೇ ದುಡಿಯುತ್ತಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿದರು. ಇವರಾರೂ ವಿಜ್ಞಾನ ವಿರೋಧಿಗಳಲ್ಲ. ಕಣ್ಣೆದುರಿನ ವಾಸ್ತವವನ್ನು ದಾಖಲಿಸಲು ಮುಂದಾದವರು.

ಸಿಂಪಡಣೆ ನಿಂತು ಹತ್ತು ತಿಂಗಳಾದ ಮೇಲೂ ಅಲ್ಲಿಯ ಶಾಲಾ ಬಾಲಕರ ರಕ್ತದಲ್ಲಿ ಎಂಡೋಸಲ್ಫಾನ್ ಇದ್ದುದನ್ನು ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಅದನ್ನು ನಿಷೇಧಿಸಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಜಾಗತಿಕ ನಿಷೇಧಕ್ಕೆ ಒಪ್ಪಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ ಮತ್ತು ಮಾರಾಟಕ್ಕೆ ತಡೆ ನೀಡಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಆದರೂ ಯಾವ ಕಾಯಿಲೆ ಎಂಡೋಸಲ್ಫಾನಿನಿಂದ ಬಂದದ್ದು, ಯಾವುದು ಅಲ್ಲ ಎಂಬ ವಾದ ಇಂದಿಗೂ ಮುಗಿದಿಲ್ಲ. ಸಂಬಂಧವೇ ಸಾಬೀತಾಗಿಲ್ಲವೆನ್ನುವ ಕೃಷಿ ವಿಜ್ಞಾನಿಗಳಿದ್ದಾರೆ. ಅವರಿಗೆ ನಮ್ಮ ಪ್ರಶ್ನೆ ಒಂದೇ: ಮೊದಲ ಹೆಲಿಕಾಪ್ಟರ್ ಏರುವ ಮುನ್ನ ಆ ಊರಿನ ನೀರನ್ನು, ಮಣ್ಣನ್ನು, ಜನರ ಆರೋಗ್ಯವನ್ನು ಪರೀಕ್ಷಿಸಿ ಬರೆದಿಟ್ಟಿದ್ದರೆ ಈ ವಾದ ಇಷ್ಟು ಕಾಲ ಬದುಕುತ್ತಿತ್ತೇ? ತೂಕ ನೋಡಬೇಕಾದವರು ನೋಡಲಿಲ್ಲ. ಈಗ ತೂಕದ ಚೀಟಿ ತೋರಿಸಿರೆಂದು ಹಾಸಿಗೆ ಹಿಡಿದ ಮಕ್ಕಳ ತಾಯಂದಿರನ್ನು ಕೇಳಲಾಗುತ್ತಿದೆ.

ಹೂಳುವ ವಿಷಯದಲ್ಲೂ ಎರಡು ಊರುಗಳ ಕಥೆ ಒಂದಕ್ಕೊಂದು ಹೊಂದುತ್ತದೆ. ಬಳಸದೆ ಉಳಿದ ಎಂಡೋಸಲ್ಫಾನನ್ನು ನಮ್ಮ ದಕ್ಷಿಣ ಕನ್ನಡದ ಗಡಿಗೆ ಹತ್ತಿದ ಮಿಂಚಿನಪದವಿನ ಹಾಳುಬಾವಿಯಲ್ಲಿ ಹೂಳಲಾಗಿದೆ ಎಂಬ ಆರೋಪ ಬಹುಕಾಲದಿಂದ ಇದೆ. ಅದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಜ್ಞರು ಆ ಗುಡ್ಡ ಹತ್ತಿದ್ದು 2023ರ ಕೊನೆಯಲ್ಲಿ. ಸಿಂಪಡಣೆ ನಿಂತು ಅಷ್ಟರಲ್ಲಿ ಇಪ್ಪತ್ತಮೂರು ವರ್ಷ ಕಳೆದಿತ್ತು. ಗುಡ್ಡದ ಮೇಲಿನ ಬಾವಿಗೆ ಗಡಿ ಗೊತ್ತಿಲ್ಲ. ಅದರ ನೀರು ಇಳಿಜಾರಿನಲ್ಲಿ ಎರಡೂ ರಾಜ್ಯಗಳ ಮನೆಗಳ ಕಡೆಗೆ ಇಳಿಯುತ್ತದೆ. ಆರೋಪ ನಿಜವೋ ಸುಳ್ಳೋ ಎಂಬುದನ್ನು ತಿಳಿಯಲು ಎರಡು ದಶಕ ಕಾಯಬೇಕಾಯಿತು ಎಂಬುದೇ ನಾಚಿಕೆಯ ಸಂಗತಿ.

ಇಷ್ಟನ್ನೂ ಈಗ ನೆನಪಿಸಲು ಕಾರಣ ಡ್ರೋನ್. ಕೃಷಿಯಲ್ಲಿ ಡ್ರೋನಿನಿಂದ ಕೀಟನಾಶಕ ಸಿಂಪಡಿಸಲು ಕೇಂದ್ರ ಕೃಷಿ ಇಲಾಖೆ 2021ರ ಡಿಸೆಂಬರ್‌ನಲ್ಲಿ ಕಾರ್ಯವಿಧಾನ ಪ್ರಕಟಿಸಿತು. 2023ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ‘ನಮೋ ಡ್ರೋನ್ ದೀದಿ’ ಯೋಜನೆ 1,261 ಕೋಟಿ ರೂಪಾಯಿ ವೆಚ್ಚದಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿತು. ಅಡಿಕೆಗೆ ಎಲೆಚುಕ್ಕಿ ರೋಗ ಹರಡಿದ ಮೇಲೆ ಮಲೆನಾಡಿನ ತೋಟಗಳಲ್ಲೂ ಡ್ರೋನಿನ ಸದ್ದು ಕೇಳತೊಡಗಿದೆ.

ಇದನ್ನು ಕುರುಡಾಗಿ ವಿರೋಧಿಸುವುದು ನಮ್ಮ ನಿಲುವಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮಳೆಗಾಲದಲ್ಲಿ, ಹಾವಸೆ ಹಿಡಿದು ಜಾರುವ ಮರ ಹತ್ತುವ ಕೊನೆಗೌಡನ ಕಷ್ಟ ನಮಗೆ ಗೊತ್ತಿದೆ. ಮರದಿಂದ ಬಿದ್ದು ಸತ್ತವರನ್ನು, ಸೊಂಟ ಮುರಿದು ಜೀವನಪೂರ್ತಿ ಮಲಗಿದವರನ್ನು ನಮ್ಮ ಪ್ರತಿಯೊಂದು ಊರೂ ಕಂಡಿದೆ. ಮರ ಹತ್ತುವವರು ಸಿಗದೆ ತೋಟ ಕೈಬಿಟ್ಟ ವೃದ್ಧ ದಂಪತಿಗಳೂ ಇದ್ದಾರೆ. ಅವರ ಮುಂದೆ ನಿಂತು ‘ಯಂತ್ರ ಬೇಡ’ ಎಂದಷ್ಟೇ ಹೇಳುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಕೊನೆಗೌಡನ ಪ್ರಾಣವೂ ಪೈಲಟ್‌ನ ಪ್ರಾಣದಷ್ಟೇ ದೊಡ್ಡದು.

ಆದರೆ ತೂಕ ನೋಡದೆ ಹಾರಿಸುವುದು ಬೇಡ. ಸಾಮಾನ್ಯವಾಗಿ ಡ್ರೋನಿನ ತೊಟ್ಟಿ ಹತ್ತು ಲೀಟರಿನದು. ಕಡಿಮೆ ನೀರಿನಲ್ಲಿ ಹೆಚ್ಚು ನೆಲ ಮುಗಿಸಬೇಕಾದ್ದರಿಂದ ಅದರೊಳಗಿನ ದ್ರಾವಣ ಕೈಪಂಪಿನ ದ್ರಾವಣಕ್ಕಿಂತ ಬಹಳ ಗಡುಸು. ಅದರ ಹನಿ ಸಣ್ಣದು, ಸಣ್ಣ ಹನಿ ಗಾಳಿಗೆ ದೂರ ಹೋಗುತ್ತದೆ. ನಮ್ಮ ತೋಟಗಳಿರುವುದು ಕಣಿವೆಯ ತಳದಲ್ಲಿ. ನಡುವೆ ಹಳ್ಳ ಹರಿಯುತ್ತದೆ, ಆಚೀಚೆ ಮನೆ, ಬಾವಿ, ಕೊಟ್ಟಿಗೆ, ಜೇನುಪೆಟ್ಟಿಗೆ. ಮೇಲಿನಿಂದ ಬಿದ್ದ ಔಷಧಿ ಸೋಗೆಯ ಮೇಲೆಯೇ ನಿಂತರೆ ಅದರ ಅಡಿಯ ಕೊನೆಗೆ ತಲುಪುವುದೆಷ್ಟು? ಕೊನೆಗೆ ತಲುಪದ್ದು ಹೋಗುವುದೆಲ್ಲಿಗೆ? ಭಾರ ಹೊತ್ತು ಏರುವಾಗ ಕಂಗಿಗೆ ಸಿಕ್ಕಿ ಹಳ್ಳಕ್ಕೆ ಬಿದ್ದ ಡ್ರೋನಿನ ಹತ್ತು ಲೀಟರ್ ಗಡುಸು ವಿಷಕ್ಕೆ ಹೊಣೆ ಯಾರು? ವಿಮಾನದಿಂದ ಕೀಟನಾಶಕ ಸಿಂಪಡಿಸುವುದನ್ನು ಯುರೋಪಿನ ಒಕ್ಕೂಟ 2009ರ ತನ್ನ ನಿರ್ದೇಶನದಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟು ನಿಷೇಧಿಸಿತು. ನಾವು ಪ್ರಶ್ನೆಗಳನ್ನಾದರೂ ಕೇಳಬಾರದೇ?

ಕೇಳಲು ಕಾನೂನಿನ ಬಲವೂ ನಮಗಿದೆ. 1971ರ ಕೀಟನಾಶಕ ನಿಯಮಗಳ 43ನೆಯ ನಿಯಮ ವೈಮಾನಿಕ ಸಿಂಪಡಣೆಗೆ ಷರತ್ತುಗಳನ್ನು ಹಾಕಿದೆ: ಪ್ರದೇಶವನ್ನು ಗುರುತು ಮಾಡಬೇಕು, ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನ-ಜಾನುವಾರು ಅಲ್ಲಿಗೆ ಹೋಗದಂತೆ ತಡೆಯಬೇಕು, ತೊಳೆಯುವ ಮತ್ತು ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇರಬೇಕು, ಹಾರಿಸುವವರು ವಿಷದ ಪರಿಣಾಮಗಳ ಬಗ್ಗೆ ತರಬೇತಿ ಪಡೆದಿರಬೇಕು. ಪಡ್ರೆಯ ಮೇಲೆ ಹೆಲಿಕಾಪ್ಟರ್ ಹಾರುತ್ತಿದ್ದ ಎಲ್ಲ ವರ್ಷಗಳಲ್ಲೂ ಈ ನಿಯಮ ಪುಸ್ತಕದಲ್ಲಿತ್ತು ಎಂಬುದನ್ನು ನೆನಪಿಡೋಣ. ಪುಸ್ತಕದ ನಿಯಮ ತಾನಾಗಿ ಗುಡ್ಡ ಹತ್ತುವುದಿಲ್ಲ. ಅದನ್ನು ಹತ್ತಿಸಬೇಕಾದವರು ಊರಿನವರೇ.

ಆದ್ದರಿಂದ ನಮ್ಮ ಬಳಗದ ಹಕ್ಕೊತ್ತಾಯಗಳು ಇವು. ಒಂದು, ಯಾವುದೇ ಊರಿನಲ್ಲಿ ಡ್ರೋನ್ ಸಿಂಪಡಣೆಗೆ ಮೊದಲು ಗ್ರಾಮಸಭೆಯಲ್ಲಿ ವಿಷಯ ಚರ್ಚೆಯಾಗಬೇಕು. ತೋಟದ ಯಜಮಾನನಿಗೆ ಮಾತ್ರವಲ್ಲ, ನೆರೆಯ ಮನೆಗೂ ಕೆಳಗಿನ ಕೇರಿಗೂ 24 ಗಂಟೆ ಮೊದಲು ತಿಳಿಯಬೇಕು. ಎರಡು, ಪ್ರತಿ ಹಾರಾಟದ ದಿನ, ಜಾಗ, ಔಷಧಿಯ ಹೆಸರು, ಪ್ರಮಾಣ, ಗಾಳಿಯ ದಿಕ್ಕು ಪಂಚಾಯತಿಯ ದಾಖಲೆ ಪುಸ್ತಕದಲ್ಲಿ ಸೇರಬೇಕು, ಅದನ್ನು ಯಾರು ಬೇಕಾದರೂ ನೋಡುವಂತಿರಬೇಕು. ಮೂರು, ಮೊದಲ ಹಾರಾಟಕ್ಕೆ ಮುನ್ನ ಮತ್ತು ಪ್ರತಿ ವರ್ಷ ಆ ಕಣಿವೆಯ ಹಳ್ಳ, ಬಾವಿ, ಮಣ್ಣಿನ ಮಾದರಿಗಳ ಪರೀಕ್ಷೆಯಾಗಬೇಕು. ಅದರ ಪ್ರತಿ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ಉಳಿಯಬೇಕು. ನಾಲ್ಕು, ನೀರಿನ ಸೆಲೆ, ಶಾಲೆ, ಜೇನುಪೆಟ್ಟಿಗೆಗಳ ಸುತ್ತ ಹಾರಾಟವೇ ಇಲ್ಲದ ಅಂತರ ನಿಗದಿಯಾಗಬೇಕು. ಐದು, ಡ್ರೋನ್ ಬಿದ್ದರೆ, ಔಷಧಿ ಚೆಲ್ಲಿದರೆ ಅದು ಅಪಘಾತವೆಂದೇ ದಾಖಲಾಗಬೇಕು. ಅವಶೇಷ, ಉಳಿಕೆ ಔಷಧಿ, ಖಾಲಿ ಡಬ್ಬಿ ಯಾವುದನ್ನೂ ಹೂಳಬಾರದು, ಹಳ್ಳದಲ್ಲಿ ತೊಳೆಯಬಾರದು. ಆರು, ಡ್ರೋನಿಗೆ ಸುರಿಯುವ ಹಣದ ಒಂದು ಪಾಲಾದರೂ ಕೊನೆಗೌಡರ ವಿಮೆಗೆ, ಸುರಕ್ಷಾ ಸಾಧನಗಳಿಗೆ, ನೆಲದಲ್ಲೇ ನಿಂತು ಔಷಧಿ ಹೊಡೆಯುವ ದೋಟಿಗೆ, ಕೊಟ್ಟೆ ಕಟ್ಟುವಂಥ ವಿಷರಹಿತ ವಿಧಾನಗಳ ಸುಧಾರಣೆಗೆ ಮೀಸಲಾಗಬೇಕು.

ಡ್ರೋನ್ ಹಾರಿಸಲು ತರಬೇತಿ ಪಡೆಯುತ್ತಿರುವ ನಮ್ಮ ಅಕ್ಕ-ತಂಗಿಯರಿಗೂ ಒಂದು ಮಾತು. ತೊಟ್ಟಿಯೊಳಗೆ ಏನಿದೆಯೆಂದು ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ನಿಮ್ಮದು. ವಿಷ ತುಂಬುವ ಕೈ ನಿಮ್ಮದೇ, ತೊಟ್ಟಿ ತೊಳೆಯುವ ಕೈಯೂ ನಿಮ್ಮದೇ. ನಾಳೆ ಊರಿನಲ್ಲಿ ಏನಾದರೂ ಸಂಭವಿಸಿದರೆ ಯೋಜನೆ ಮಾಡಿದವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಹಾರಿಸಿದವರ ಹೆಸರು ನೆನಪಿರುತ್ತದೆ. ಆದ್ದರಿಂದ ದಾಖಲೆ ಪುಸ್ತಕ ನಿಮ್ಮ ರಕ್ಷಣೆಗೂ ಬೇಕು.

ಈ ಸಂಚಿಕೆ ನಿಮ್ಮ ಕೈಸೇರಿದ ಮೇಲೆ ಬರುವ ಮೊದಲ ಗ್ರಾಮಸಭೆಯಲ್ಲಿ ಈ ಬೇಡಿಕೆಗಳನ್ನು ಬರಹದಲ್ಲಿ ಮಂಡಿಸಬೇಕೆಂದು ಓದುಗರಲ್ಲಿ ವಿನಂತಿ. ನಿಮ್ಮ ಊರಿನಲ್ಲಿ ಡ್ರೋನ್ ಈಗಾಗಲೇ ಹಾರಿದ್ದರೆ ದಿನಾಂಕ, ಔಷಧಿಯ ಹೆಸರು, ಕಂಡ ಪರಿಣಾಮ ಇವನ್ನು ಒಂದು ನೋಟುಪುಸ್ತಕದಲ್ಲಿ ಇಂದೇ ಬರೆಯಲು ಆರಂಭಿಸಿ. ಒಳ್ಳೆಯದಾಗಿದ್ದರೆ ಒಳ್ಳೆಯದೆಂದೇ ಬರೆಯಿರಿ. ಪಡ್ರೆಯಲ್ಲಿ ಇಂಥ ಒಂದು ಪುಸ್ತಕ ಮೊದಲ ದಿನದಿಂದ ಇದ್ದಿದ್ದರೆ ಎಷ್ಟೋ ತಾಯಂದಿರು ತಮ್ಮ ಮಕ್ಕಳನ್ನು ಎತ್ತಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುವುದು ತಪ್ಪುತ್ತಿತ್ತು.